ಕೋಟಿ ಸಿಕ್ಕಿದ್ದು ಯಾರಿಗೆ?

"ಅವನಿಗೆ ಒಂದು ಕೋಟಿ ಸಿಕ್ಕಿತಂತೆ ಸರ್." ಉದ್ಯಮಿಗಳು ಹೂಡಿಕೆದಾರರ ಮುಂದೆ ನಿಂತು ತಮ್ಮ ಕಂಪನಿಯ ಪಾಲು ಕೊಟ್ಟು ಹಣ ಕೇಳುವ ಟಿವಿ ಕಾರ್ಯಕ್ರಮ ಶಾರ್ಕ್ ಟ್ಯಾಂಕ್ ಇಂಡಿಯಾದ ಹೊಸ ಕಂತುಗಳು ಪ್ರಸಾರವಾಗುವ ತಿಂಗಳುಗಳಲ್ಲಿ ದಾವಣಗೆರೆಯ ನನ್ನ ಕಚೇರಿಯಲ್ಲಿ ಈ ಮಾತು ಕೇಳಿಬರದ ವಾರವಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಬಂದವರು, ಆಡಿಟ್‌ಗೆ ಲೆಕ್ಕದ ಪುಸ್ತಕ ತಂದವರು, ಮಗನಿಗೆ ಅಂಗಡಿ ಹಾಕಿಕೊಡಲು ಸಲಹೆ ಕೇಳುವವರು, ಎಲ್ಲರ ಬಳಿಯೂ ಸ್ಪರ್ಧಿಗಳ ಬಗ್ಗೆ ಸಿದ್ಧ ತೀರ್ಪು ಇರುತ್ತದೆ. ಇವನು ಗೆದ್ದ, ಅವಳು ಸೋತಳು, ಮತ್ತೊಬ್ಬ ದುರಾಸೆಗೆ ಬಿದ್ದು ಕೈಗೆ ಬಂದದ್ದನ್ನು ಕಳೆದುಕೊಂಡ. ಜನ ಅಭಿಪ್ರಾಯ ಹೇಳಬಾರದು ಎಂದು ನಾನು ಹೇಳುತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ಈ ಕಾರ್ಯಕ್ರಮ ಶುರುವಾದ ಮೇಲೆ ಲಾಭಾಂಶ, ಷೇರು, ಹೂಡಿಕೆ ಎಂಬ ಮಾತುಗಳು ಮನೆಮನೆಯ ಊಟದ ಹೊತ್ತಿನ ಮಾತಾದವು. ಲೆಕ್ಕವೇ ವೃತ್ತಿಯಾದ ನನಗೆ ಇದಕ್ಕಿಂತ ಸಂತೋಷ ಬೇರೆಯಿಲ್ಲ. ಆದರೆ ಈ ತೀರ್ಪುಗಳಲ್ಲಿ ಮುಕ್ಕಾಲು ಪಾಲಿನ ಬುಡದಲ್ಲಿ ಒಂದೇ ತಪ್ಪು ಕೂತಿದೆ. ಆ ಹಣವನ್ನು ಜನ ಬಹುಮಾನ ಎಂದುಕೊಂಡಿದ್ದಾರೆ.

ಪ್ರಶ್ನೆಗೆ ಉತ್ತರ ಹೇಳಿ ಹಣ ಗೆಲ್ಲುವ ಕಾರ್ಯಕ್ರಮದಲ್ಲಿ ಗೆದ್ದ ಹಣ ಗೆದ್ದವನದೇ. ಶೇಕಡಾ 30ರ ತೆರಿಗೆ, ಅದರ ಮೇಲಿನ ಸೆಸ್ ಕಳೆದು ಉಳಿದದ್ದು ಅವನ ಖಾತೆಗೆ ಸೇರುತ್ತದೆ. ಸಾಲ ತೀರಿಸಲಿ, ಮನೆ ಕಟ್ಟಲಿ, ಕೇಳುವವರಿಲ್ಲ. ಶಾರ್ಕ್ ಟ್ಯಾಂಕ್‌ನಲ್ಲಿ ಕೈ ಕುಲುಕಿ ಒಪ್ಪಿದ ಹಣ ಸ್ಪರ್ಧಿಯ ಖಾತೆಗೆ ಬರುವುದಿಲ್ಲ. ಅವನ ಕಂಪನಿಯ ಖಾತೆಗೆ ಬರುತ್ತದೆ. "ಎಲ್ಲ ಒಂದೇ ಅಲ್ಲವೇ ಸರ್, ಕಂಪನಿ ಅವನದೇ ತಾನೇ?" ಎಂದು ಎದುರಿಗೆ ಕೂತವರು ಕೇಳುತ್ತಾರೆ. ಒಂದೇ ಅಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲವಾದ್ದರಿಂದ ಇಲ್ಲಿ ಲೆಕ್ಕ ಬರೆದೇ ತೋರಿಸುತ್ತೇನೆ.

ಒಬ್ಬ ಹುಡುಗ ಕಂಪನಿ ಮಾಡಿದ್ದಾನೆ, ಅದರ ಷೇರುಗಳು ಒಟ್ಟು 9,500, ಎಲ್ಲವೂ ಅವನ ಹೆಸರಿನಲ್ಲಿವೆ ಎಂದುಕೊಳ್ಳಿ. ಅವನು 50 ಲಕ್ಷ ರೂಪಾಯಿಗೆ ಶೇಕಡಾ 5ರ ಪಾಲು ಕೊಡಲು ಒಪ್ಪಿದ. ಆಗ ಕಂಪನಿ 500 ಹೊಸ ಷೇರು ಸೃಷ್ಟಿಸಿ ಹೂಡಿಕೆದಾರನಿಗೆ ಕೊಡುತ್ತದೆ. ಒಟ್ಟು ಷೇರು 10,000 ಆಯಿತು. 500 ಎಂದರೆ ಶೇಕಡಾ 5. ಹೊಸ 500 ಷೇರಿಗೆ 50 ಲಕ್ಷ ಬಂದಿರುವುದರಿಂದ ಒಂದು ಷೇರಿನ ಬೆಲೆ 10,000 ರೂಪಾಯಿ. ಅದನ್ನು ಹತ್ತು ಸಾವಿರದಿಂದ ಗುಣಿಸಿದರೆ 10 ಕೋಟಿ. ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮಿಂಚುವ ಮೌಲ್ಯ ಈ ಗುಣಾಕಾರದಿಂದ ಬಂದದ್ದು. ಈಗ ಎಣಿಸಿ. ಕಂಪನಿಯ ಬ್ಯಾಂಕ್ ಖಾತೆಯಲ್ಲಿ 50 ಲಕ್ಷವಿದೆ. ಹುಡುಗನ ಸ್ವಂತ ಖಾತೆಗೆ ಬಂದದ್ದು ಸೊನ್ನೆ. ನಿನ್ನೆಯೂ 9,500 ಷೇರು ಇದ್ದವು, ಇಂದೂ ಅಷ್ಟೇ ಇವೆ. ನಿನ್ನೆ ಅವು ಇಡೀ ಕಂಪನಿಯಾಗಿದ್ದವು, ಇಂದು ಶೇಕಡಾ 95 ಮಾತ್ರ. 10 ಕೋಟಿ ಎಲ್ಲಿದೆ ಎಂದು ಕೇಳಿದರೆ ಎಲ್ಲಿಯೂ ಇಲ್ಲ. ಉಳಿದ ಷೇರುಗಳನ್ನೂ ಅದೇ ಬೆಲೆಗೆ ಕೊಳ್ಳುವವರು ಸಿಕ್ಕ ದಿನ ಅದು ಹಣವಾದೀತು.

ಕಂಪನಿಯ 50 ಲಕ್ಷದಲ್ಲಿ ಅವನು ತಂಗಿಯ ಮದುವೆ ಮಾಡುವಂತಿಲ್ಲ. ದುಡಿಮೆಗೆ ಸಂಬಳ ತೆಗೆದುಕೊಳ್ಳಬಹುದು, ಅದಕ್ಕೆ ತೆರಿಗೆ ಕಟ್ಟಬೇಕು. ಕಂಪನಿಯಿಂದ ಸಾಲದ ರೂಪದಲ್ಲಿ ಎತ್ತಿಕೊಳ್ಳೋಣ ಎಂದರೆ 2013ರ ಕಂಪನಿ ಕಾಯ್ದೆ ನಿರ್ದೇಶಕರಿಗೆ ಸಾಲ ಕೊಡುವುದನ್ನು ಕೆಲವು ವಿನಾಯಿತಿಗಳ ಹೊರತು ತಡೆಯುತ್ತದೆ. ಆದಾಯ ತೆರಿಗೆ ಕಾನೂನು ಅಂಥ ಸಾಲವನ್ನು ಲಾಭಾಂಶವೆಂದೇ ಎಣಿಸಿ ತೆರಿಗೆ ಹಾಕಬಹುದು. ಅಪರೂಪಕ್ಕೆ ಸ್ಥಾಪಕ ತನ್ನ ಹಳೆಯ ಷೇರುಗಳಲ್ಲೇ ಕೆಲವನ್ನು ಮಾರುವುದುಂಟು. ಆಗ ಮಾತ್ರ ಹಣ ಅವನ ಕೈಗೆ ಬರುತ್ತದೆ, ಜೊತೆಗೆ ಬಂಡವಾಳ ಗಳಿಕೆಯ ತೆರಿಗೆಯೂ ಬರುತ್ತದೆ. ಹೊಸದಾಗಿ ಶುರುವಾದ ಕಂಪನಿಗಳಲ್ಲಿ ಇದನ್ನು ನಾನು ಹೆಚ್ಚು ನೋಡಿಲ್ಲ.

ಹಾಗಾದರೆ ಅದು ಬಡ್ಡಿಯಿಲ್ಲದ ಸಾಲವೇ ಎಂಬುದು ಮುಂದಿನ ಪ್ರಶ್ನೆ. ಅದೂ ಅಲ್ಲ. ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಪಾಲುದಾರ ಇಲ್ಲದ ಕಾಳಿಗೆ ತಗಾದೆ ಮಾಡುವುದಿಲ್ಲ. ಸಾಲ ಕೊಟ್ಟವನು ಮಳೆ ಬಂದರೂ ಬಾರದಿದ್ದರೂ ಕಂತು ಕೇಳುತ್ತಾನೆ. ಆದರೆ ಕೋರು ಸುಗ್ಗಿ ಮುಗಿದ ಮೇಲೆ ಬಿಟ್ಟುಹೋಗುತ್ತದೆ, ಷೇರು ಬಿಡುವುದಿಲ್ಲ. ಕಂಪನಿ ಇರುವಷ್ಟು ಕಾಲ ಆ ಶೇಕಡಾ 5 ಅವರದು. ಹತ್ತು ವರ್ಷದ ನಂತರ ಕಂಪನಿ ಚೆನ್ನಾಗಿ ಬೆಳೆದರೆ ಬ್ಯಾಂಕ್ ಸಾಲದ ಬಡ್ಡಿಗಿಂತ ಈ ಪಾಲೇ ದುಬಾರಿ ಎಂದು ತೋರಬಹುದು. ಬೆಳೆಯದಿದ್ದರೆ ಹೂಡಿಕೆದಾರನ ಹಣ ಹೋಯಿತು, ಸ್ಥಾಪಕನ ಮನೆಯ ಬಾಗಿಲಿಗೆ ಬ್ಯಾಂಕಿನವರು ಬರುವುದಿಲ್ಲ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ವ್ಯಾಪಾರ ನೋಡದೆ ನಾನು ಹೇಳಲಾರೆ.

ಇಷ್ಟು ತಿಳಿದರೆ ಸ್ಪರ್ಧಿಗಳ ಬಗೆಗಿನ ಅಭಿಪ್ರಾಯಗಳು ಬೇರೆಯದೇ ರೂಪ ಪಡೆಯುತ್ತವೆ. ಮೊದಲ ಸೀಸನ್‌ನಲ್ಲಿ ಮಹಾರಾಷ್ಟ್ರದ ಮಾಲೆಗಾಂವ್ ಕಡೆಯಿಂದ ಬಂದ 'ಜುಗಾಡು ಕಮಲೇಶ್' ಅವರನ್ನು ನಮ್ಮ ಕಡೆಯ ರೈತರು ಇಂದಿಗೂ ನೆನೆಯುತ್ತಾರೆ. ಬೆನ್ನ ಮೇಲೆ ಔಷಧಿ ಪಂಪ್ ಹೊತ್ತು ಹೊಲ ಸುತ್ತುವ ಕಷ್ಟ ತಪ್ಪಿಸಲು ಚಕ್ರದ ಗಾಡಿಯೊಂದನ್ನು ಮಾಡಿಕೊಂಡು ಬಂದವರು ಅವರು. ಹೂಡಿಕೆದಾರರಲ್ಲೊಬ್ಬರಾದ, ಕನ್ನಡಕದ ಕಂಪನಿ ಲೆನ್ಸ್‌ಕಾರ್ಟ್‌ನ ಪೀಯೂಷ್ ಬನ್ಸಲ್ ಶೇಕಡಾ 40ರ ಪಾಲಿಗೆ 10 ಲಕ್ಷ, ಅದರ ಜೊತೆಗೆ ಬಡ್ಡಿಯಿಲ್ಲದೆ 20 ಲಕ್ಷ ಸಾಲ ಎಂದರು. "ಪಾಪದ ಹುಡುಗನಿಂದ ನಲವತ್ತು ಪರ್ಸೆಂಟ್ ಕಿತ್ತುಕೊಂಡರು" ಎಂದು ಸಿಟ್ಟಾದವರು ನನ್ನ ಕಚೇರಿಯಲ್ಲೇ ಇದ್ದರು. ಆ ಸಿಟ್ಟಿನ ಹಿಂದಿನ ಅಂತಃಕರಣ ದೊಡ್ಡದು. ಲೆಕ್ಕ ಬೇರೆ. 10 ಲಕ್ಷಕ್ಕೆ ಶೇಕಡಾ 40 ಎಂದರೆ ಕಂಪನಿಯ ಬೆಲೆ 25 ಲಕ್ಷ ಎಂದು ಹಿಡಿದಂತಾಯಿತು. ಪಾಲಿನದೂ ಸಾಲದ್ದೂ ಸೇರಿದ 30 ಲಕ್ಷವನ್ನೂ ಶೇಕಡಾ 10ಕ್ಕೆ ಕೊಡಬೇಕಿತ್ತು ಎನ್ನುವವರು ಬೆಲೆ 3 ಕೋಟಿ ಎನ್ನುತ್ತಿದ್ದಾರೆ. ಮಾದರಿ ಯಂತ್ರ ತಯಾರಾಗಿ, ಮಾರಾಟ ಇನ್ನೂ ಕುದುರಬೇಕಾದ ಹಂತದಲ್ಲಿ 3 ಕೋಟಿ ಎಂದು ಸಹಿ ಹಾಕುವ ಧೈರ್ಯ ನನಗಂತೂ ಬಾರದು. ಸಿಟ್ಟಾದವರು ಗಮನಿಸದೆ ಬಿಟ್ಟದ್ದು 20 ಲಕ್ಷದ ಸಾಲವನ್ನು. ಬಡ್ಡಿ ಇಲ್ಲದಿದ್ದರೂ ಸಾಲ ಸಾಲವೇ. ಕಂಪನಿ ಅದನ್ನು ಹಿಂದಿರುಗಿಸಬೇಕು.

ಒಪ್ಪಂದ ಬೇಡ ಎಂದು ಎದ್ದುಹೋದವರ ಬಗ್ಗೆ ನಮ್ಮ ಜನ ಇನ್ನೂ ಕಠಿಣ. "ಅಹಂಕಾರ ಸರ್, ಕೋಟಿ ಕೊಡುತ್ತೇನೆ ಎಂದರೂ ಬೇಡ ಎಂದನಲ್ಲ" ಎನ್ನುತ್ತಾರೆ. ಬಹುಮಾನವಾಗಿದ್ದರೆ ಬೇಡ ಎನ್ನುವುದು ಹುಚ್ಚುತನವೇ. ಪಾಲಿನ ಮಾರಾಟವಾದ್ದರಿಂದ ಬೆಲೆ ಹೊಂದದಿದ್ದರೆ ಎದ್ದುಹೋಗುವ ಹಕ್ಕು ಮಾರುವವನಿಗಿದೆ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಧಾರಣೆ ಬಾರದಿದ್ದರೆ ರೈತ ಚೀಲ ವಾಪಸ್ ಹೇರಿಕೊಂಡು ಹೋಗುವುದನ್ನು ಯಾರೂ ಅಹಂಕಾರ ಎನ್ನುವುದಿಲ್ಲ. ಅಮೆರಿಕದ ಶಾರ್ಕ್ ಟ್ಯಾಂಕ್‌ಗೆ 2013ರಲ್ಲಿ ಜೇಮಿ ಸಿಮಿನಾಫ್ ಎಂಬುವರು ಕ್ಯಾಮೆರಾ ಇರುವ ಬಾಗಿಲ ಗಂಟೆ ತಂದಿದ್ದರು. 7 ಲಕ್ಷ ಡಾಲರಿಗೆ ಶೇಕಡಾ 10 ಕೊಡುತ್ತೇನೆ ಎಂದು ಕೇಳಿದವರು, ಎದುರಿಗೆ ಬಂದ ಒಂದೇ ಪ್ರಸ್ತಾಪವನ್ನು ಒಪ್ಪದೆ ಬರಿಗೈಯಲ್ಲಿ ಹೊರಬಂದರು. ಆ ಕಂಪನಿಯೇ ಮುಂದೆ ರಿಂಗ್ ಎಂಬ ಹೆಸರು ಪಡೆಯಿತು, 2018ರಲ್ಲಿ ಅಮೆಜಾನ್ ಅದನ್ನು ಕೊಂಡಿತು, ಸಿಮಿನಾಫ್ ಅದೇ ಕಾರ್ಯಕ್ರಮದಲ್ಲಿ ಅತಿಥಿ ಹೂಡಿಕೆದಾರರಾಗಿ ಕೂತರು. ಎದ್ದುಹೋದವರೆಲ್ಲ ಹೀಗೆ ಗೆಲ್ಲುತ್ತಾರೆ ಎಂದು ಯಾರೂ ತಿಳಿಯಬಾರದು. ಬಹಳ ಮಂದಿ ಎದ್ದುಹೋಗಿ ಅಂಗಡಿ ಮುಚ್ಚಿದ್ದಾರೆ. ಆ ಕೆಲವು ನಿಮಿಷಗಳ ದೃಶ್ಯದಿಂದ ಮಾತ್ರ ಅದು ತೀರ್ಮಾನವಾಗುವುದಿಲ್ಲ.

ಮಂಡಿಪೇಟೆಯ ಹಿರಿಯ ಸಾಹುಕಾರರೊಬ್ಬರು ನಷ್ಟದ ವಿಷಯ ಬಂದರೆ ಕೆಂಡವಾಗುತ್ತಾರೆ. "ವರ್ಷಕ್ಕೆ ಕೋಟಿ ನಷ್ಟ ಮಾಡಿಕೊಂಡವನು ಇನ್ನೂ ಕೋಟಿ ಕೇಳುತ್ತಾನಲ್ಲ, ಇವನು ಮೋಸಗಾರನಲ್ಲದೆ ಮತ್ತೇನು?" ಅವರ ಸಿಟ್ಟಿಗೆ ಕಾರಣವಿದೆ. ಸ್ವಂತ ದುಡ್ಡಿನಲ್ಲಿ ಚೀಲ ಕೊಂಡು, ಉದ್ರಿ ಕೊಟ್ಟು, ವಸೂಲಿಗೆ ಅಲೆದು ಬೆಳೆದವರು ಅವರು. ಜಾಹೀರಾತಿಗೂ ರಿಯಾಯಿತಿಗೂ ಹಣ ಸುರಿದು ಗಿರಾಕಿಗಳನ್ನು ಕಟ್ಟಿಕೊಳ್ಳುವ ಕಂಪನಿಯ ನಷ್ಟ ಬೇರೆ, ಮಾರಿದ ಪ್ರತಿ ಸರಕಿನ ಮೇಲೂ ಕೈಯಿಂದ ಹಣ ಹೋಗುವ ನಷ್ಟ ಬೇರೆ ಎಂದು ಅವರಿಗೆ ಹೇಳಿದೆ. ಮೊದಲನೆಯದು ನಿಲ್ಲಿಸಿದರೆ ನಿಲ್ಲುತ್ತದೆ. ಎರಡನೆಯದು ಮಾರಾಟ ಹೆಚ್ಚಿದಷ್ಟೂ ಹೆಚ್ಚುತ್ತದೆ. ಸ್ಪರ್ಧಿಗಳಲ್ಲಿ ಎರಡೂ ಬಗೆಯವರಿದ್ದಾರೆ. ಸಾಹುಕಾರರು ಪೂರ್ತಿ ಒಪ್ಪಿಲ್ಲ, ಎರಡನೆಯ ಬಗೆಯವರ ಮಟ್ಟಿಗೆ ಅವರ ಮಾತೇ ಸರಿ.

ಈ ಬಹುಮಾನದ ಭ್ರಮೆ ನೋಡುಗರಲ್ಲೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ನಮ್ಮ ಸಣ್ಣ ಉದ್ಯಮಿಗಳ ತಲೆಗೂ ಹತ್ತಿದೆ. ಹರಿಹರ ಕಡೆಯ ಹಳ್ಳಿಯೊಂದರ ಗೃಹಿಣಿ ಅಕ್ಕಪಕ್ಕದ ಮನೆಯ ಹೆಂಗಸರನ್ನು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೈದುನನ ಮಗ ಅವರನ್ನು ನನ್ನ ಬಳಿ ಕರೆತಂದ. "ಸರ್, ದೊಡ್ಡಮ್ಮನ ವ್ಯಾಪಾರಕ್ಕೆ ಐದು ಕೋಟಿ ಬೆಲೆ ಬರೆದುಕೊಡಿ, ಅರ್ಜಿ ಹಾಕುತ್ತೇವೆ" ಎಂದ. ಉದ್ಯಮ ಇರುವುದು ಅವರೊಬ್ಬರ ಹೆಸರಿನ ಮಾಲೀಕತ್ವದಲ್ಲಿ. ಅಲ್ಲಿ ಷೇರೇ ಇಲ್ಲ, ಮಾರಲು ಪಾಲು ಎಲ್ಲಿಂದ ಬರಬೇಕು? ಪಾಲು ಕೊಡಬೇಕಾದರೆ ಮೊದಲು ಕಂಪನಿ ಆಗಬೇಕು. ಬೆಲೆಯನ್ನೂ ನಮ್ಮಿಷ್ಟದಂತೆ ಬರೆಯಲಾಗದು, ಕಾನೂನು ಗುರುತಿಸಿದ ಮೌಲ್ಯಮಾಪಕರ ವರದಿ ಬೇಕು. ಹೆಚ್ಚು ಬೆಲೆ ಬರೆಸಿದರೆ ಲಾಭ ಎನ್ನುವುದಂತೂ ಸುಳ್ಳು. 2012ರ ಬಜೆಟ್ ತಂದ 'ಏಂಜೆಲ್ ತೆರಿಗೆ' ನ್ಯಾಯವಾದ ಬೆಲೆಗಿಂತ ಹೆಚ್ಚಾಗಿ ಬಂದ ಹೂಡಿಕೆಯನ್ನು ಕಂಪನಿಯ ಆದಾಯವೆಂದು ಎಣಿಸುತ್ತಿತ್ತು. 2024ರ ಬಜೆಟ್‌ನಲ್ಲಷ್ಟೇ ಅದನ್ನು ಕೈಬಿಟ್ಟರು.

ಹುಡುಗ ಮಾತನಾಡುತ್ತಿದ್ದಾಗ ಆ ತಾಯಿ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಕೊಟ್ಟದ್ದು, ಬಂದದ್ದು, ಉದ್ರಿ ಎಂಬ ಕಲಮುಗಳು ಎಲ್ಲರ ಪುಸ್ತಕದಲ್ಲೂ ಇರುತ್ತವೆ. ಇವರದರಲ್ಲಿ ಇನ್ನೆರಡು ಇದ್ದವು: 'ಮುರಿದದ್ದು', 'ಮೆತ್ತಗಾದದ್ದು'. ಅಂಗಡಿಯಿಂದ ವಾಪಸ್ ಬಂದ ರೊಟ್ಟಿಯನ್ನು ಹೀಗೆ ಎರಡಾಗಿ ವಿಂಗಡಿಸಿ ಅಂಗಡಿವಾರು ಬರೆದಿದ್ದಾರೆ. ಮುರಿದರೆ ಆಟೋದವನು ಪೆಟ್ಟಿಗೆ ಎಸೆದಿದ್ದಾನೆ ಎಂದರ್ಥ, ಮೆತ್ತಗಾದರೆ ಪ್ಯಾಕಿಂಗ್ ಸರಿಯಿಲ್ಲ. ಮಳೆಗಾಲದ ಪುಟಗಳಲ್ಲಿ ಎರಡನೆಯ ಕಲಮು ತುಂಬಿಹೋಗಿದೆ. ಕವರಿನ ಬಾಯಿಗೆ ದಾರ ಕಟ್ಟುವುದನ್ನು ಬಿಟ್ಟು ಬಿಸಿ ಮಾಡಿ ಅಂಟಿಸುವ ಯಂತ್ರ ತಂದ ತಿಂಗಳಿನಿಂದ ಅದು ಖಾಲಿಯಾಗುತ್ತಾ ಬಂದಿದೆ. ನಾನು ಪುಟ ತಿರುವುತ್ತಲೇ ಇದ್ದೆ. ಟಿವಿಯಲ್ಲಿ ಆ ಐವರು ಹೂಡಿಕೆದಾರರು ಕುರ್ಚಿಯಲ್ಲಿ ಕೂತು ಅಗೆದಗೆದು ಕೇಳುವುದು ಇದನ್ನೇ: ಒಂದು ಪ್ಯಾಕೆಟ್‌ಗೆ ಖರ್ಚೆಷ್ಟು, ಉಳಿಯುವುದೆಷ್ಟು, ವಾಪಸ್ ಬರುವುದೆಷ್ಟು. ಉತ್ತರಿಸಲಾಗದೆ ತಡವರಿಸುವ ಪದವೀಧರರನ್ನು ನಾವೆಲ್ಲ ನೋಡಿದ್ದೇವೆ. ಈ ತಾಯಿ ಕೇಳುವ ಮೊದಲೇ ಬರೆದಿಟ್ಟಿದ್ದಾರೆ.

ಅವರು ಕೇಳಿದ ಪ್ರಶ್ನೆಯೂ ಹುಡುಗ ಕೇಳಿದ್ದಕ್ಕಿಂತ ಚೆನ್ನಾಗಿತ್ತು. "ಪಾಲು ಕೊಟ್ಟ ಮೇಲೆ ಚಟ್ನಿಪುಡಿಗೆ ಯಾವ ಎಣ್ಣೆ ಹಾಕಬೇಕು ಎನ್ನುವುದನ್ನೂ ಅವರೇ ಹೇಳುತ್ತಾರೆಯೇ ಸರ್?" ಶೇಕಡಾ 5ಕ್ಕೆ ಸಾಮಾನ್ಯವಾಗಿ ಅಷ್ಟು ಅಧಿಕಾರ ಬರುವುದಿಲ್ಲ. ಆದರೆ ಷೇರುದಾರರ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊಸ ಸಾಲ ಮಾಡಲು, ಮತ್ತೊಬ್ಬರಿಗೆ ಷೇರು ಕೊಡಲು, ವ್ಯವಹಾರದ ಸ್ವರೂಪ ಬದಲಿಸಲು ಸಣ್ಣ ಪಾಲುದಾರನ ಒಪ್ಪಿಗೆ ಬೇಕು ಎಂಬ ಷರತ್ತು ಅಲ್ಲಿರಬಹುದು. ಟಿವಿಯಲ್ಲಿ ಕೈ ಕುಲುಕಿದ ಮೇಲೆ ಈ ಒಪ್ಪಂದ ಬರೆಯುವ ಕೆಲಸ, ಕಂಪನಿಯ ತೆರಿಗೆ, ಬಾಕಿ, ವ್ಯಾಜ್ಯಗಳನ್ನೆಲ್ಲ ಜಾಲಾಡುವ ಪರಿಶೀಲನೆ ಶುರುವಾಗುತ್ತದೆ. ಪರದೆಯಲ್ಲಿ ಕಂಡ ಒಪ್ಪಂದ ಇಲ್ಲಿ ಬದಲಾಗಬಹುದು, ಮುರಿದೂ ಬೀಳಬಹುದು. ಹಣ ಬಂದ ಮೇಲೂ 60 ದಿನಗಳೊಳಗೆ ಷೇರು ಹಂಚಬೇಕು, ಹಂಚಿದ 15 ದಿನಗಳಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ವಿವರ ಸಲ್ಲಿಸಬೇಕು, ಸಲ್ಲಿಸುವವರೆಗೆ ಆ ಹಣ ಮುಟ್ಟುವಂತಿಲ್ಲ. "ಟಿವಿಯಲ್ಲಿ ಬಂದು ತಿಂಗಳಾಯಿತು, ಅಂಗಡಿ ಇನ್ನೂ ಹಾಗೆಯೇ ಇದೆ, ಎಲ್ಲಾ ನಾಟಕ" ಎನ್ನುವವರು ಇದನ್ನು ಗಮನಿಸಬೇಕು.

ಆ ತಾಯಿಗೆ ಸದ್ಯ ಬೇಕಿದ್ದದ್ದು ರೊಟ್ಟಿ ತಟ್ಟುವ ಯಂತ್ರ ಮತ್ತು ಸುಗ್ಗಿಯಲ್ಲಿ ಚಳ್ಳಕೆರೆಯಿಂದ ಶೇಂಗಾ ಒಟ್ಟಿಗೆ ಕೊಂಡಿಡಲು ಸ್ವಲ್ಪ ಹಣ. ಇದಕ್ಕೆ ಪಾಲು ಮಾರಬೇಕಿಲ್ಲ. ಕಿರು ಆಹಾರ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಅರ್ಜಿ ಹಾಕುವ ಮುನ್ನ ಆ ಹೊತ್ತಿನ ನಿಯಮವನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು. ಅವರು ಯಂತ್ರಕ್ಕೆ ಬ್ಯಾಂಕ್ ಸಾಲದ ದಾರಿ ಹಿಡಿದರು. ಹುಡುಗನಿಗೆ ಶಾರ್ಕ್ ಟ್ಯಾಂಕ್ ಆಸೆ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ನೋಟ್‌ಬುಕ್ಕಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವನಿಗೆ ಒಪ್ಪಿಸಿದ್ದೇನೆ, ಆ ಎರಡು ಕಲಮುಗಳನ್ನು ಬಿಡದಂತೆ ಹೇಳಿದ್ದೇನೆ. ಕಂಪನಿ ಮಾಡುವ ಮಾತು ಮಾರ್ಚ್ ಲೆಕ್ಕ ಮುಗಿದ ಮೇಲೆ.