ಲೋಟ ಎತ್ತಿದರೆ ಕೈ ನಡುಗುತ್ತೆ, ಯಾವ ಟಾನಿಕ್ ಕುಡಿಯಲಿ ಡಾಕ್ಟ್ರೇ?

ಯಾವುದೂ ಬೇಡ. ಈ ಪ್ರಶ್ನೆ ಬರದ ತಿಂಗಳಿಲ್ಲ, ಬಂದಾಗಲೆಲ್ಲ ಬೆನ್ನ ಮೇಲೆ 'ನರ ದೌರ್ಬಲ್ಯ'ವನ್ನು ಹೊತ್ತುಕೊಂಡೇ ಬರುತ್ತದೆ. ಗೋಡೆ ಜಾಹೀರಾತುಗಳು ನಮಗೆ ಅಂಟಿಸಿದ ಕಾಯಿಲೆ ಅದು. ನನ್ನಲ್ಲಿಗೆ ಬಂದ ನಿವೃತ್ತ ಮೇಷ್ಟ್ರೊಬ್ಬರು ಎರಡು ವರ್ಷ ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು. ನನ್ನ ಕೈ ಹಿಂಡಿ ಸಾರ್ ಅಂದೆ. ಹಿಂಡಿದರು ನೋಡಿ, ಬೆರಳು ನೊಂದಿದ್ದು ನನ್ನದು! ದೌರ್ಬಲ್ಯ ಎಲ್ಲಿದೆ? ಕೈಯ ನರವೂ ಸ್ನಾಯುವೂ ಗಟ್ಟಿಯಾಗಿಯೇ ಇವೆ. ತಾಳ ತಪ್ಪಿರುವುದು ಮೇಲೆ, ಕಿರುಮೆದುಳಿನಿಂದ ಮೆದುಳಿನ ನಡುವಿನ ಥಾಲಮಸ್ ಎಂಬ ಭಾಗಕ್ಕೆ ಹೋಗುವ ದಾರಿಯಲ್ಲಿ. ಬಿ12 ಕೊರತೆ ನಿಜಕ್ಕೂ ಇದ್ದರೆ ರಕ್ತಪರೀಕ್ಷೆ ಹೇಳುತ್ತದೆ. ಸುಮ್ಮನೆ ಚುಚ್ಚಿಸಿಕೊಂಡರೆ ಈ ನಡುಕ ನಿಲ್ಲುವುದಿಲ್ಲ. ಇದರ ಹೆಸರು ಎಸೆನ್ಷಿಯಲ್ ಟ್ರೆಮರ್. ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಅಜ್ಜಿಗೋ ಇದ್ದದ್ದೇ.

ಪಾರ್ಕಿನ್ಸನ್ ಇರಬಹುದಾ ಅನ್ನುವವರಿಗೆ: ಅದರ ನಡುಕ ಸಾಮಾನ್ಯವಾಗಿ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ, ಒಂದು ಕಡೆಯಿಂದ ಶುರುವಾಗುತ್ತದೆ, ಜೊತೆಗೆ ನಡೆ ನಿಧಾನ, ಮೈ ಬಿಗಿತ. ಇದು ಕೆಲಸಕ್ಕೆ ಕೈ ಹಾಕಿದಾಗ, ಹೆಚ್ಚಾಗಿ ಎರಡೂ ಕೈಗಳಲ್ಲಿ. ನಾನು ಹಾಳೆ ಕೊಟ್ಟು ಚಕ್ಕುಲಿ ಬರೆಸುತ್ತೇನೆ. ಪಾರ್ಕಿನ್ಸನ್‌ನವರ ಚಕ್ಕುಲಿ ಚಿಕ್ಕದಾಗಿ ಮುದುರುತ್ತದೆ. ಮೇಷ್ಟ್ರದು ದೊಡ್ಡದೇ, ಆದರೆ ಸುತ್ತಲೂ ಮುಳ್ಳು ಎದ್ದಿತ್ತು, ಥೇಟ್ ಮುಳ್ಳುಚಕ್ಕುಲಿ.

ಮೊದಲು ಥೈರಾಯ್ಡ್ ಪರೀಕ್ಷಿಸಿ. ಉಬ್ಬಸಕ್ಕೆ ಸಾಲ್ಬುಟಮಾಲ್, ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಅವೂ ನಡುಗಿಸುತ್ತವೆ. ಸ್ಟ್ರಾಂಗ್ ಕಾಫಿ, ನಿದ್ದೆಗೇಡು ನಡುಕವನ್ನು ಹೆಚ್ಚಿಸುತ್ತವೆ. ಲೋಟದ ತುಂಬ ಬೇಡ, ಅರ್ಧ ಲೋಟ ಸಾಕು. ಬದುಕಿಗೆ ತೊಡಕಾದರೆ ಮಾತ್ರ ಪ್ರೊಪ್ರನೊಲಾಲ್ ಅಥವಾ ಪ್ರಿಮಿಡೋನ್ ಕೊಡುತ್ತೇವೆ. ಉಬ್ಬಸ ಇದ್ದವರಿಗೆ ಮೊದಲನೆಯದು ಬೇಡ. ನಡುಕ ತಗ್ಗುತ್ತದೆ, ಬೇರುಸಹಿತ ಹೋಗುವುದಿಲ್ಲ. ಒಂದು ಪೆಗ್ ಹಾಕಿದರೆ ಎಷ್ಟೋ ಜನಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ನಿಜ. ಇಳಿದ ಮೇಲೆ ಬಡ್ಡಿ ಸಮೇತ ವಾಪಸ್. ಅದನ್ನೇ ಔಷಧಿ ಮಾಡಿಕೊಳ್ಳಬೇಡಿ.

ಯಾರೂ ಕೇಳದ ಇನ್ನೊಂದು ವಿಷಯ: ಸಹಿ. ಮೇಷ್ಟ್ರು ನನ್ನ ಹತ್ತಿರ ಬಂದದ್ದೇ ಸಹಿ ಹೊಂದಲಿಲ್ಲವೆಂದು ಚೆಕ್ ವಾಪಸಾದ ಮೇಲೆ. ಬ್ಯಾಂಕಿಗೆ ಹೋಗಿ ಈಗಿನ ಸಹಿಯನ್ನೇ ಹೊಸ ಮಾದರಿಯಾಗಿ ಕೊಡಬಹುದು. ಸಹಿಯೇ ಆಗದ ವೃದ್ಧರು, ರೋಗಿಗಳು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಆಗಿರಬೇಕು. ಹೇಳಿದೆ. "ಊರಿಗೆಲ್ಲ ಅಕ್ಷರ ಕಲಿಸಿದವನು ನಾನು, ಹೆಬ್ಬೆಟ್ಟು ಒತ್ತಲಾ?" ಅಂದರು. ಹೊಸ ಸಹಿಯನ್ನೇ ಕೊಟ್ಟು ಬಂದಿದ್ದಾರೆ, ಮುಳ್ಳು ಸಮೇತ.