ಶಾಕ್ ಅಬ್ಸಾರ್ಬರ್ ಶಾಕ್ ಹೀರುವುದಿಲ್ಲ

ಗ್ಯಾರೇಜುಗಳ ಬೋರ್ಡಿನಲ್ಲಿ ‘ಶಾಕ್ ಅಬ್ಸರ್ವರ್’ ಎಂದು ಬರೆದಿರುವುದನ್ನು ಕಂಡು ಇಂಗ್ಲಿಷ್ ಬಲ್ಲವರು ನಗುತ್ತಾರೆ. ನನಗೆ ನಗು ಬರುವುದು ಕಾಗುಣಿತ ಸರಿಯಿದ್ದಾಗ. ಆ ಎಣ್ಣೆ ತುಂಬಿದ ಕೊಳವೆ ಶಾಕನ್ನು ಹೀರುವುದೇ ಇಲ್ಲ. ಗುಂಡಿಯ ಹೊಡೆತವನ್ನು ಮೊದಲು ತಿನ್ನುವುದು ಟೈರು, ಆಮೇಲೆ ಸ್ಪ್ರಿಂಗು. ತಿಂದದ್ದನ್ನು ಅರಗಿಸುವುದಷ್ಟೇ ಕೊಳವೆಯ ಕೆಲಸ.

ಇದನ್ನೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದಿದ್ದಾನೆ, 2005ರ ಮಾಡೆಲ್ಲು. ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಡಿ ವಾಲುತ್ತದಂತೆ, ಹಂಪು ಇಳಿದ ಮೇಲೂ ಮೂರು ಸಲ ತೂಗುತ್ತದಂತೆ. ‘ಮಾಮ, ಸ್ಪ್ರಿಂಗು ಎರಡು ಸುತ್ತು ಕಟ್ ಮಾಡಿಸಿದ್ರೆ ಗಾಡಿ ಕೆಳಗೆ ಕೂರುತ್ತೆ, ರೋಡ್ ಹಿಡಿಯುತ್ತೆ’ ಅಂದ. ಎಂಜಿನಿಯರಿಂಗ್ ಓದಿದ ಹುಡುಗ! ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವವರನ್ನು ಇವನೇ ಗೇಲಿ ಮಾಡುತ್ತಾನೆ. ನಿಂಬೆಹಣ್ಣಿನಿಂದ ಗಾಡಿಗೆ ಕೆಡುಕಂತೂ ಇಲ್ಲ.

ಸ್ಪ್ರಿಂಗಿನ ನಿಯಮ ಹೇಳಿದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಮಹಾ ಗುಮಾನಿಯ ಆಸಾಮಿ. ಗಡಿಯಾರದ ಸ್ಪ್ರಿಂಗು ತನ್ನದು ಎಂದು ಡಚ್ ವಿಜ್ಞಾನಿ ಹೈಗೆನ್ಸ್ ಜೊತೆ ಜಗಳವಾಡಿದವನು. ಯಾರಾದರೂ ಕದ್ದಾರೆಂದು 1676ರಲ್ಲಿ ತನ್ನ ನಿಯಮದ ಲ್ಯಾಟಿನ್ ವಾಕ್ಯವನ್ನು ಬಿಡಿ ಅಕ್ಷರಗಳಾಗಿ ಒಡೆದು, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಒಗಟಾಗಿ ಅಚ್ಚು ಹಾಕಿಸಿದ. 1678ರಲ್ಲಿ ತಾನೇ ಬಿಡಿಸಿದ: ಎಷ್ಟು ಹಿಗ್ಗೋ ಅಷ್ಟು ಬಲ. ಇಷ್ಟಕ್ಕೆ ಎರಡು ವರ್ಷದ ಬಿಗುಮಾನ!

ಈಗ ಕತ್ತರಿಸುವ ವಿಚಾರ. ಸುರುಳಿ ಸ್ಪ್ರಿಂಗನ್ನು ಒತ್ತಿದಾಗ ಅದರ ಸರಳು ಹೆಚ್ಚಾಗಿ ತಿರುಚಿಕೊಳ್ಳುತ್ತದೆಯೇ ಹೊರತು ಬಗ್ಗುವುದಿಲ್ಲ, ಒದ್ದೆ ಪಂಚೆ ಹಿಂಡಿದ ಹಾಗೆ. ಉದ್ದ ಪಂಚೆ ಸಲೀಸಾಗಿ ತಿರುಚುತ್ತದೆ, ಅದೇ ಪಂಚೆಯ ಗೇಣುದ್ದದ ತುಂಡು ಹಟ ಹಿಡಿಯುತ್ತದೆ. ಕೆಲಸ ಮಾಡುವ 8 ಸುತ್ತಿನಲ್ಲಿ 2 ತೆಗೆದರೆ ಉಳಿದ 6 ಸುತ್ತಿನ ಬಿಗಿತ ಮೂರನೇ ಒಂದು ಪಾಲು ಏರುತ್ತದೆ. ಸರಳಿನ ದಪ್ಪವಂತೂ ಇನ್ನೂ ಮೋಸದ್ದು. ಬಿಗಿತ ಏರುವುದು ದಪ್ಪದ ನಾಲ್ಕನೇ ಘಾತದಲ್ಲಿ, ಹಾಗಾಗಿ 10 ಮಿಲಿಮೀಟರಿನ ಬದಲು 11 ಹಾಕಿದರೆ ಶೇ. 46 ಹೆಚ್ಚು. ಬಿಗಿತ ಏರಿದರೆ ಗಾಡಿಯ ಕುಲುಕಾಟವೂ ಚುರುಕಾಗುತ್ತದೆ. ಸಾಮಾನ್ಯ ಕಾರು ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಅದು ನಡಿಗೆಗೆ ಹತ್ತಿರದ ಲಯ, ನಮ್ಮ ಮೈಗೆ ಒಗ್ಗುತ್ತದೆ. ಅದೇ 4ರಿಂದ 8 ಸಲ ಕುಲುಕುವ ಲಯ ನಮ್ಮ ಮೈಗೆ ಅತ್ಯಂತ ಅಸಹನೀಯ.

ಕತ್ತರಿಸಿದ ಸ್ಪ್ರಿಂಗಿಗೆ ಇನ್ನೂ ಎರಡು ರೋಗ. ಚಕ್ರ ಗುಂಡಿಯಲ್ಲಿ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗು ತನ್ನ ತಟ್ಟೆಯಿಂದ ಜಾರಬಹುದು. ಎರಡನೆಯದು ವಿಚಿತ್ರ. 800ರ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಕೊಳವೆಯೇ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬವೂ ಆಗಿರುವ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬಾತ 1940ರ ದಶಕದಲ್ಲಿ ಅಗ್ಗದ ಪುಟ್ಟ ಕಾರಿಗೆಂದೇ ಜನರಲ್ ಮೋಟರ್ಸ್‌ನಲ್ಲಿ ಯೋಚಿಸಿದ್ದು ಅದು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ, ಆತ ಫೋರ್ಡ್ ಸೇರಿದ, ಐಡಿಯಾ ಲೋಕವನ್ನೇ ಸುತ್ತಿತು. ಈ ಜೋಡಣೆಯಲ್ಲಿ ಗಾಡಿಯನ್ನು ತೀರಾ ತಗ್ಗಿಸಿದರೆ ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಆರ್ಮು, ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗಾಡಿಯ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಅವೆರಡರ ನಡುವಿನ ಅಂತರ, ಅಂದರೆ ವಾಲಿಸುವ ಸನ್ನೆಕೋಲು, ಉದ್ದವಾಯಿತು. ವಾಲಬಾರದೆಂದು ತಗ್ಗಿಸಿದ್ದಕ್ಕೆ ಸಿಕ್ಕ ಫಲ!

ಇನ್ನು ನನ್ನ ಪ್ರೀತಿಯ ಕೊಳವೆ. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಮೆಲ್ಲಗೆ ಒತ್ತಿದರೆ ಹಿಟ್ಟು ಸುಮ್ಮನೆ ಇಳಿಯುತ್ತದೆ. ಅವಸರಪಟ್ಟರೆ ತೋಳು ಸೋಲುತ್ತದೆ. ಕೊಳವೆಯೊಳಗೆ ಹಿಟ್ಟಿನ ಬದಲು ಎಣ್ಣೆ, ಬಿಲ್ಲೆಯ ಬದಲು ಸಣ್ಣ ತೂತುಗಳಿರುವ ಪಿಸ್ಟನ್. ಸ್ಪ್ರಿಂಗು ಕೇಳುವುದು ‘ಎಷ್ಟು ದೂರ’ ಎಂದು, ಇದು ಕೇಳುವುದು ‘ಎಷ್ಟು ವೇಗ’ ಎಂದು. ಸೊಂಟಮಟ್ಟ ನೀರಿನಲ್ಲಿ ನಡೆಯಬಹುದು, ಓಡಲಾಗದು, ಅದೇ ಲೆಕ್ಕ. ಚಕ್ಕುಲಿ ಒರಳು ಒತ್ತುವಾಗ ಮಾತ್ರ ಸತಾಯಿಸುತ್ತದೆ. ಈ ಕೊಳವೆ ಎಳೆಯುವಾಗಲೂ ಬಿಡುವುದಿಲ್ಲ, ಒತ್ತುವಾಗಿನ ಎರಡು ಮೂರು ಪಟ್ಟು ಹೆಚ್ಚೇ ತಡೆಯುತ್ತದೆ. ಹಂಪು ಹತ್ತುವಾಗ ಚಕ್ರಕ್ಕೆ ‘ಹೋಗಿ ಬಾ’ ಎನ್ನುತ್ತದೆ, ಮುದುಡಿದ ಸ್ಪ್ರಿಂಗು ಗಾಡಿಯನ್ನು ಮೇಲಕ್ಕೆ ಎಸೆಯಲು ಹೊರಟಾಗ ಅಂಗಿ ಹಿಡಿದು ಜಗ್ಗುತ್ತದೆ. ತೊಟ್ಟಿಲು ತೂಗಿ ಬಿಟ್ಟರೆ ಎಷ್ಟೋ ಹೊತ್ತು ಆಡುತ್ತದೆ. ಅದೇ ತೊಟ್ಟಿಲು ಜೇನುತುಪ್ಪದಲ್ಲಿ ಮುಳುಗಿದೆ ಎಂದುಕೊಳ್ಳಿ, ಒಮ್ಮೆ ಹೋಗಿ ಬಂದು ನಿಲ್ಲುತ್ತದೆ. ಆ ತೂಗಾಟದ ಶಕ್ತಿ ಎಲ್ಲಿ ಹೋಯಿತು? ಎಣ್ಣೆಯ ಬಿಸಿಯಾಯಿತು. ಕೆಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಕೊಳವೆ ಮುಟ್ಟಿ ನೋಡಿ, ಹುಷಾರಾಗಿ. ಎಣ್ಣೆ ಸೋರಿಹೋದ ಕೊಳವೆಗೆ ಈ ಕೆಲಸ ಬಾರದು. ಹುಡುಗನ ಗಾಡಿ ಮೂರು ಸಲ ತೂಗುತ್ತಿದ್ದದ್ದು ಇದಕ್ಕೇ. ಸ್ಪ್ರಿಂಗಿನದೇನೂ ತಪ್ಪಿರಲಿಲ್ಲ.

ತೂಗಾಟ ಸುಖದ ಪ್ರಶ್ನೆ ಮಾತ್ರ ಅಲ್ಲ. ಒಂದು ಚಕ್ರದ ಮೇಲೆ 200 ಕಿಲೋ ಭಾರ, ಟೈರಿನಲ್ಲಿ 30 ಪಿಎಸ್‌ಐ ಗಾಳಿ ಎಂದಿಟ್ಟುಕೊಂಡರೆ, ನೆಲಕ್ಕೆ ತಾಗುವ ಜಾಗ ನೂರು ಚದರ ಸೆಂಟಿಮೀಟರಿನ ಆಸುಪಾಸು, ಒಂದು ಅಂಗೈಯಷ್ಟು. ಇಡೀ ಸಂಸಾರ ಘಾಟಿ ಇಳಿಯುವುದು ನಾಲ್ಕು ಅಂಗೈಗಳ ಮೇಲೆ. ಗಾಡಿ ತೂಗಿದರೆ ಅಂಗೈಯ ಒತ್ತಡ ಏರಿಳಿಯುತ್ತದೆ. ಇಳಿದ ಕ್ಷಣದಲ್ಲೇ ಬ್ರೇಕ್ ಹಾಕಿದಿರೋ, ಚಕ್ರ ಜಾರಿತು. ರೋಡ್ ಹಿಡಿಯುವುದೆಂದರೆ ಆ ಒತ್ತಡ ಏರುಪೇರಾಗದಿರುವುದು. ಹದಗೆಟ್ಟ ರಸ್ತೆಯಲ್ಲಿ ತೀರಾ ಬಿಗಿ ಸ್ಪ್ರಿಂಗು ಇದಕ್ಕೇ ಕಲ್ಲು ಹಾಕುತ್ತದೆ.

ವಾಲುವುದರ ಬಗ್ಗೆಯೂ ಒಂದು ಭ್ರಮೆ ಇದೆ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಎಷ್ಟು ಭಾರ ಸಾಗುತ್ತದೆ ಎಂಬುದನ್ನು ನಿರ್ಧರಿಸುವುದು ಭಾರಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ ಮತ್ತು ನೀವು ತಿರುಗಿಸಿದ ರಭಸ. ಗಾಡಿಯ ತೂಕ 800 ಕಿಲೋ, ಕೇಂದ್ರದ ಎತ್ತರ ಅರ್ಧ ಮೀಟರ್, ಅಗಲ 1.2 ಮೀಟರ್, ಪಕ್ಕಕ್ಕೆ ತಳ್ಳುವ ಬಲ ಗುರುತ್ವದ 0.4 ಪಾಲು ಎನ್ನಿ: ಸುಮಾರು 133 ಕಿಲೋ ಆಚೆ ಹೋಗುತ್ತದೆ. ಸ್ಪ್ರಿಂಗು ಬಿಗಿ ಮಾಡಿದರೆ ಗಾಡಿ ಕಡಿಮೆ ವಾಲೀತು, ಸಾಗುವ ಭಾರ ಹೆಚ್ಚುಕಡಿಮೆ ಅಷ್ಟೇ. ಅದನ್ನು ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಎಂಬ ಪಾಲು ಬದಲಾಗುತ್ತದೆ. ಮುಂಭಾಗವನ್ನು ಮಾತ್ರ ಬಿಗಿ ಮಾಡಿದರೆ, ಮೊದಲೇ ಮೂತಿ ಭಾರದ ಗಾಡಿ ತಿರುವಿನಲ್ಲಿ ಇನ್ನಷ್ಟು ನೇರಕ್ಕೆ ಜಗ್ಗುತ್ತದೆ.

ಕೊನೆಗೆ ಮಾಡಿಸಿದ್ದು ಬಹಳ ಸಪ್ಪೆ ಕೆಲಸ. ಕಂಪನಿ ಅಳತೆಯ ಕೊಳವೆಗಳು, ನಾಲ್ಕೂ. ಟೈರು ಹಳತಾಗಿತ್ತು, ಅದೇ ಅಳತೆಯದು ಹೊಸದು. ಅಗಲದ ಟೈರಿನ ಆಸೆಗೆ ಸೊಪ್ಪು ಹಾಕಲಿಲ್ಲ. ಮುಖ್ಯವಾಗಿ ಕೆಳಗಿನ ಆರ್ಮಿನ ಮತ್ತು ಸ್ಟೆಬಿಲೈಸರ್ ಬಾರಿನ ರಬ್ಬರ್ ಬುಷ್‌ಗಳು, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್ ಬಳೆಗಳು. 800ರಲ್ಲಿ ಈ ಬಾರು ವಾಲುವುದನ್ನು ತಡೆಯುವುದರ ಜೊತೆಗೆ ಮುಂದಿನ ಚಕ್ರ ಹಿಂದೆಮುಂದೆ ಸರಿಯದಂತೆಯೂ ಹಿಡಿದಿರುತ್ತದೆ. ಅದರ ಬುಷ್ ಸವೆದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಜರುಗಿ ಸ್ಟಿಯರಿಂಗು ಪಕ್ಕಕ್ಕೆ ಎಳೆಯುತ್ತದೆ.

ಒಂದೇ ಒಂದು ಕಡೆ ಮೆಕ್ಯಾನಿಕ್ ಜೊತೆ ವಾದಕ್ಕೆ ನಿಂತೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಆರ್ಮಿನ ಬುಷ್ ಬೋಲ್ಟನ್ನು ಪೂರ್ತಿ ಬಿಗಿಯಲು ಹೊರಟಿದ್ದರು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಗಾಡಿಯನ್ನು ಇಳಿಸಿ, ಭಾರ ಚಕ್ರದ ಮೇಲೆ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಅವರು ಗೊಣಗುತ್ತಲೇ ಇಳಿಸಿದರು, ನಮ್ಮ ಹುಡುಗ ಗಾಡಿಯಡಿ ತೂರಿ ತಾನೇ ಸ್ಪ್ಯಾನರ್ ತಿರುಗಿಸಿದ.