ಗೂನು ಬೆನ್ನಿನ ಮಹಶೀರ್: ಸರಾಸರಿ ತೂಕ ಏರಿದರೆ ಯಾಕೆ ಹೆದರಬೇಕು?

ಸಂರಕ್ಷಣಾ ಜೀವವಿಜ್ಞಾನ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಏಡ್ರಿಯನ್ ಪಿಂಡರ್ ಎಂಬ ಬ್ರಿಟಿಷ್ ಮೀನು ವಿಜ್ಞಾನಿ, ಕೇರಳದ ರಾಜೀವ್ ರಾಘವನ್ ಮತ್ತು ಇತರರ ಜೊತೆ ಸೇರಿ ನಮ್ಮ ಕಾವೇರಿಯ ಮಹಶೀರ್ ಎಂಬ ದೊಡ್ಡ ಹೊಳೆ ಮೀನಿನ ಮೇಲೆ ಮಾಡಿದ ಕೆಲಸ ಇದು. ಮೊದಲ ಸಲ ಓದಿದಾಗ ಒಂದು ಕಡೆ ಪೂರ್ತಿ ಉಲ್ಟಾ ಅರ್ಥ ಮಾಡಿಕೊಂಡಿದ್ದೆ. ಸರಿಯಾಗಿ ತಲೆಗೆ ಹತ್ತಲು ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎರಡು ಮೀನು, ಒಂದೇ ಹೊಳೆ

ಕಾವೇರಿಯಲ್ಲಿ ಈಗ ಮುಖ್ಯವಾಗಿ ಎರಡು ಬಗೆಯ ಮಹಶೀರ್ ಇವೆ. ಒಂದು ಇಲ್ಲಿಯದೇ. ಹೊನ್ನಿನ ಬಣ್ಣದ ಮೈ, ಕಿತ್ತಳೆ ಛಾಯೆಯ ಈಜುರೆಕ್ಕೆ, ತಲೆಯ ಹಿಂದಿನಿಂದಲೇ ಏಳುವ ಗೂನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್ ತೂಗಿತ್ತು. ಅಂದರೆ 54 ಕೆ.ಜಿ.ಗೂ ಜಾಸ್ತಿ. ಒಬ್ಬ ಆಳಿನ ತೂಕದ ಹೊಳೆ ಮೀನು!

ಇನ್ನೊಂದು ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಪುಣೆ ಹತ್ತಿರದ ಮುಳಾ-ಮುಠಾ ಹೊಳೆಯ ಮೀನುಗಳಿಂದ ವಿವರಿಸಿದರು. ಆ ಹೊಳೆ ಭೀಮೆಗೆ, ಭೀಮೆ ಕೃಷ್ಣೆಗೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಹೊರಗಿನ ಜಾತಿ ಎಂದ ತಕ್ಷಣ ನಮಗೆ ಆಫ್ರಿಕನ್ ಕ್ಯಾಟ್‌ಫಿಶ್, ತಿಲಾಪಿಯಾ ನೆನಪಾಗುತ್ತವೆ, ಅಲ್ವಾ? ಸಮುದ್ರ ದಾಟಿ ಬಂದದ್ದೇ ಹೊರಗಿನದು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಹೊಳೆ ಮೀನಿಗೆ ದೇಶದ ಗಡಿ ಲೆಕ್ಕಕ್ಕಿಲ್ಲ, ಜಲಾನಯನದ ಗಡಿ ಲೆಕ್ಕ. ತುಂಗೆಯ ನೀರು ಕೃಷ್ಣೆಗೆ ಸೇರುತ್ತದೆ, ಹಾಗಾಗಿ ಖುದ್ರಿಗೆ ತುಂಗೆ ತವರು. ತುಂಗೆ ಹುಟ್ಟುವ ಗಂಗಾಮೂಲದಿಂದ ತಲಕಾವೇರಿ ಅಷ್ಟೇನೂ ದೂರವಿಲ್ಲ. ಆದರೂ ಕಾವೇರಿ ಬೇರೆಯೇ ಹೊಳೆ. ನಡುವಿನ ಗುಡ್ಡವನ್ನು ಮೀನು ತಾನಾಗಿ ದಾಟುವುದಿಲ್ಲ.

ದಾಟಿಸಿದವರು ಮನುಷ್ಯರು. 1970ರ ದಶಕದಿಂದ ಲೋನಾವಳದ ಟಾಟಾ ಹ್ಯಾಚರಿಯಲ್ಲಿ ಖುದ್ರಿ ಮರಿ ಮಾಡುವ ವಿಧಾನ ಕೈಗೂಡಿತು. ಮಹಶೀರ್ ಎಲ್ಲ ಕಡೆ ಕಡಿಮೆಯಾಗುತ್ತಿದೆ, ಮರಿ ಬಿಟ್ಟರೆ ಉಳಿದೀತು ಎಂಬ ಒಳ್ಳೆಯ ಉದ್ದೇಶದಿಂದಲೇ ಬೇರೆ ಬೇರೆ ರಾಜ್ಯಗಳ ಹೊಳೆಗಳಿಗೆ ಬಿತ್ತನೆ ನಡೆಯಿತು. ಕಾವೇರಿಗೂ ಬಂತು. ಆಗ ಮಹಶೀರ್ ಎಂದರೆ ಎಲ್ಲವೂ ಒಂದೇ ಎಂಬ ಲೆಕ್ಕ ಇತ್ತು. ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ನಾನು ಎಡವಿದ ಜಾಗ

ಕನಕಪುರದ ಕಡೆ, ಕಾವೇರಿ ದಡದ ಗಾಳಿಬೋರೆಯಲ್ಲಿ ಗಾಳ ಹಾಕುವವರ ಕ್ಯಾಂಪ್ ಇತ್ತು. ಬೇಯಿಸಿದ ರಾಗಿ ಮುದ್ದೆಯನ್ನು ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಮೀನು ಸಿಕ್ಕರೆ ತೂಗಿ, ಬರೆದು, ವಾಪಸ್ ನೀರಿಗೆ ಬಿಡುತ್ತಿದ್ದರು. ಆ ದಾಖಲೆಯೇ ಈ ಸಂಶೋಧನೆಯ ಜೀವ. ವಿಜ್ಞಾನಿಗಳು ಇಲ್ಲದ ಕಾಲದಲ್ಲಿ ಹವ್ಯಾಸಿಗಳು ಬರೆದಿಟ್ಟದ್ದು.

1998ರಿಂದ 2012ರವರೆಗಿನ ಲೆಕ್ಕ ಹೀಗಿದೆ. ಒಟ್ಟು 23,620 ಗಂಟೆ ಗಾಳ. ಸಿಕ್ಕ ಮಹಶೀರ್ 6,161. ಭಾಗಿಸಿ ನೋಡಿ, ಹೆಚ್ಚುಕಡಿಮೆ ನಾಲ್ಕು ಗಂಟೆಗೆ ಒಂದು ಮೀನು. ಹೀಗೆ ಶ್ರಮಕ್ಕೆ ಎಷ್ಟು ಮೀನು ಎಂದು ನೋಡುವ ಅಳತೆಯೇ ಸಿಪಿಯುಇ. ಈ ಅವಧಿಯಲ್ಲಿ ಸಿಪಿಯುಇ ಏರುತ್ತಾ ಹೋಗಿದೆ. ಅದನ್ನು ನೋಡಿ ನಾನು ಪುಟದ ಅಂಚಿನಲ್ಲಿ "ಮೀನು ಚೇತರಿಸಿಕೊಳ್ಳುತ್ತಿದೆ" ಎಂದು ಬರೆದಿದ್ದೆ.

ತಪ್ಪು. ಯಾವ ಮೀನು ಎಂದು ಕೇಳಿರಲಿಲ್ಲ.

ಸಿಕ್ಕ ಮೀನಿನಲ್ಲಿ ನೂರಕ್ಕೆ 95 ನೀಲಿ ರೆಕ್ಕೆಯವು. 1993ರಲ್ಲಿ ಮೊದಲ ಸಲ ಅಲ್ಲಿ ಕಂಡ ಮೀನು ಅದು. ಉಳಿದ 5 ಭಾಗ ಮಾತ್ರ ಗೂನು ಬೆನ್ನಿನದು. 6,161ರಲ್ಲಿ 5 ಭಾಗ ಎಂದರೆ ಸುಮಾರು 300. ಹದಿನೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಇಪ್ಪತ್ತೋ ಇಪ್ಪತ್ತೊಂದೋ. ಒಟ್ಟು ಅಂಕಿ ಏರಿದ್ದು ನೀಲಿ ರೆಕ್ಕೆಯಿಂದ. ಅದರ ನೆರಳಲ್ಲಿ ನಮ್ಮ ಮೀನು ಇಳಿಯುತ್ತಿತ್ತು.

ಇಷ್ಟು ಬೇಗ ಅರ್ಥವಾಯಿತು. ಮುಂದಿನದು ಆಗಲಿಲ್ಲ. ಗೂನು ಬೆನ್ನಿನ ಮೀನಿನ ಸಂಖ್ಯೆ ಇಳಿಯುತ್ತಿದ್ದಾಗಲೇ ಅದರ ಸರಾಸರಿ ತೂಕ ಏರುತ್ತಿತ್ತು. ದಪ್ಪ ದಪ್ಪ ಮೀನು ಸಿಗುತ್ತಿದ್ದರೆ ಒಳ್ಳೆಯದೇ ಅಲ್ವಾ? ಹೊಳೆಯಲ್ಲಿ ಆಹಾರ ಚೆನ್ನಾಗಿದೆ, ಮೀನು ಆರಾಮಾಗಿದೆ ಎಂದಲ್ವಾ? ಇಲ್ಲೇ ಎರಡು ದಿನ ಕಳೆದೆ.

ಕೊನೆಗೆ ಒಂದು ಹಾಳೆ ತೆಗೆದುಕೊಂಡು ಸುಮ್ನೆ ಹತ್ತು ಮೀನಿನ ಚಿತ್ರ ಬರೆದೆ. ಇದು ನಾನೇ ಮಾಡಿಕೊಂಡ ಉದಾಹರಣೆ, ಸಂಶೋಧನೆಯ ಅಂಕಿ ಅಲ್ಲ. ಎರಡು ದೊಡ್ಡವು, ತಲಾ 20 ಕೆ.ಜಿ. ಎಂಟು ಮರಿಗಳು, ತಲಾ 1 ಕೆ.ಜಿ. ಒಟ್ಟು 48 ಕೆ.ಜಿ. ಸರಾಸರಿ 4.8. ಈಗ ಕೆಲವು ವರ್ಷ ಬಿಟ್ಟು ಬನ್ನಿ. ಆ ಎಂಟು ಮರಿ ಉಳಿಯಲಿಲ್ಲ. ಹೊಸ ಮರಿ ಬರಲಿಲ್ಲ. ಎರಡು ಮುದಿ ಮೀನು ಮಾತ್ರ ಬೆಳೆದು 24 ಕೆ.ಜಿ. ಆಗಿವೆ. ಸರಾಸರಿ ಎಷ್ಟು? 24! ಐದು ಪಟ್ಟು ಏರಿತು. ಹೊಳೆಯಲ್ಲಿ ಉಳಿದದ್ದು ಎರಡೇ ಮೀನು.

ಆ ಎಂಟು ಮರಿಗಳ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಾಗ ವಿಷಯ ತಲೆಗೆ ಇಳಿಯಿತು. ಮಕ್ಕಳೇ ಹುಟ್ಟದ ಊರಿನಲ್ಲಿ ಸರಾಸರಿ ವಯಸ್ಸು ವರ್ಷ ವರ್ಷ ಏರುತ್ತದೆ. ಅದು ಆಯಸ್ಸು ಹೆಚ್ಚಿದ ಲೆಕ್ಕ ಅಲ್ಲ, ಅಂಗನವಾಡಿ ಖಾಲಿಯಾದ ಲೆಕ್ಕ. ಮರಿಗಳು ಬೆಳೆದು ದೊಡ್ಡ ಮೀನುಗಳ ಸಾಲಿಗೆ ಸೇರುವುದಕ್ಕೆ ರಿಕ್ರೂಟ್‌ಮೆಂಟ್ ಎನ್ನುತ್ತಾರೆ. ಅದು ನಿಂತುಹೋಗಿರಬಹುದು ಎಂಬುದೇ ಪಿಂಡರ್ ತಂಡದ 2015ರ ಪ್ರಬಂಧದ ಮುಖ್ಯ ಮಾತು. ಆ ಮೀನು ಅಳಿವಿನ ಕಡೆ ಈಜುತ್ತಿದೆಯೇ ಎಂದು ಅದರ ಶೀರ್ಷಿಕೆಯೇ ಕೇಳುತ್ತದೆ.

ನಮ್ಮ ಚರ್ಚೆಯಲ್ಲಿ ಬಂದ ಒಂದು ಒಳ್ಳೆಯ ಪ್ರಶ್ನೆ: ದೊಡ್ಡ ರಾಗಿ ಉಂಡೆಗೆ ಸಣ್ಣ ಮೀನು ಬಾಯಿ ಹಾಕದೇ ಇದ್ದಿರಬಹುದಲ್ಲ? ನಾನು ಕಂಡುಕೊಂಡ ಉತ್ತರ ಇದು. ಒಂದು ಪೌಂಡಿನ, ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ ತೂಕದ ಮಹಶೀರ್ ಕೂಡ ಆ ಪಟ್ಟಿಯಲ್ಲಿದೆ. ನೀಲಿ ರೆಕ್ಕೆ ಹೆಚ್ಚಿದಂತೆ ಒಟ್ಟು ಮೀನಿನ ಸರಾಸರಿ ಗಾತ್ರ ಇಳಿದಿದೆ ಕೂಡ. ಅಂದರೆ ಸಣ್ಣವೂ ಗಾಳಕ್ಕೆ ಸಿಗುತ್ತಿದ್ದವು. ಗೂನು ಬೆನ್ನಿನ ಮರಿಗಳು ಹೊಳೆಯಲ್ಲಿ ಬೇಕಾದಷ್ಟು ಇದ್ದಿದ್ದರೆ ಅವೂ ಸಿಗಬೇಕಿತ್ತು.

ನನ್ನ ಶಾರ್ಟ್‌ಕಟ್ ಇಷ್ಟು: ಯಾವುದೇ ಮೀನಿನ ಕೋಷ್ಟಕ ಸಿಕ್ಕರೆ ಮೊದಲು ಜಾತಿ ಬೇರೆ ಮಾಡು, ಆಮೇಲೆ ಸಂಖ್ಯೆ ಮತ್ತು ತೂಕ ಒಟ್ಟಿಗೇ ನೋಡು. ಸಂಖ್ಯೆ ಇಳಿದು ತೂಕ ಏರಿದ್ದರೆ ಮರಿಗಳನ್ನು ಹುಡುಕು.

ಒಂದು ಎಚ್ಚರಿಕೆ. ನೀಲಿ ರೆಕ್ಕೆ ಬಂತು, ಗೂನು ಬೆನ್ನು ಹೋಯಿತು, ಆದ್ದರಿಂದ ಇದೇ ಕೊಂದಿತು ಎಂದು ಬರೆಯಬೇಡಿ. ಎರಡೂ ಒಟ್ಟಿಗೆ ನಡೆದಿವೆ, ಪೈಪೋಟಿಯ ಸಂಶಯ ಬಲವಾಗಿದೆ. ಆದರೆ ಅಣೆಕಟ್ಟು, ಮರಳುಗಾರಿಕೆ, ಕೊಳಕು ನೀರು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೆಲ್ಲ ಅದೇ ಹೊಳೆಯಲ್ಲೇ ಇವೆ.

ಹೆಸರಿಲ್ಲದ ಮೀನು

ಇಷ್ಟು ಪ್ರಸಿದ್ಧ ಮೀನಿಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಮುಸ್ಸುಲ್ಲಾ ಎಂಬ ಹೆಸರು ಬಹಳ ಕಾಲ ಓಡಾಡಿತು. ಅದು ಬೇರೆ ಕುಲದ ಮೀನಿನ ಹೆಸರು ಎಂದು ಆಮೇಲೆ ಗೊತ್ತಾಯಿತು. ಹೆಸರಿಲ್ಲದಿದ್ದರೆ ಏನಂತೆ ಎನ್ನಬೇಡಿ. ಯಾವ ಜೀವಿಗೆ ಅಳಿವಿನ ಭಯ ಎಷ್ಟಿದೆ ಎಂದು ಹೇಳುವ ಜಾಗತಿಕ ಪಟ್ಟಿಯಾದ ಐಯುಸಿಎನ್ ಕೆಂಪು ಪಟ್ಟಿಗೆ ಜಾತಿ ಬೇಕು, ಜಾತಿಗೆ ಹೆಸರು ಬೇಕು.

ಉತ್ತರ ಸಿಕ್ಕಿದ್ದು ಕೇರಳದ ಪಾಂಬಾರ್ ಹೊಳೆಯಲ್ಲಿ. 2007ರಲ್ಲಿ ಅಲ್ಲಿನ ಚಿಕ್ಕ ಮೀನುಗಳನ್ನು ನೋಡಿ ಟಾರ್ ರೆಮಾದೇವಿ ಎಂಬ ಹೊಸ ಜಾತಿ ವಿವರಿಸಿದ್ದರು. ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು. ಕೇರಳದ ಸಣ್ಣ ಮೀನಿಗೂ ಕಾವೇರಿಯ ದೈತ್ಯನಿಗೂ ನಂಟಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ಪಾಂಬಾರ್ ಪಡುವಣಕ್ಕೆ ಹೋಗುವುದಿಲ್ಲ, ಮೂಡಣಕ್ಕೆ ಹರಿದು ಅಮರಾವತಿ ಸೇರುತ್ತದೆ. ಅಮರಾವತಿ ಕಾವೇರಿಗೆ. ಒಂದೇ ಜಲಾನಯನ!

2018ರಲ್ಲಿ ಪಿಂಡರ್ ತಂಡ ಕಾವೇರಿ ಜಲಾನಯನದ್ದೇ ಆದ ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನು ಬೆನ್ನಿನ ಮೀನಿನ ಡಿಎನ್‌ಎ ಮತ್ತು ಮೈಯ ಅಳತೆಗಳನ್ನು ಪಾಂಬಾರ್ ಮೀನಿನ ಜೊತೆ ಹೋಲಿಸಿತು. ಎರಡೂ ಒಂದೇ ಜಾತಿ. ಮೊದಲು ಇಟ್ಟ ಹೆಸರೇ ಉಳಿಯುವುದು ನಿಯಮ, ಹಾಗಾಗಿ ಹೊಸ ಹೆಸರು ಬೇಕಾಗಲಿಲ್ಲ. ಅದೇ ವರ್ಷ ಈ ಮೀನು ಕೆಂಪು ಪಟ್ಟಿಯಲ್ಲಿ ಕ್ರಿಟಿಕಲಿ ಎಂಡೇಂಜರ್ಡ್, ಅಂದರೆ ತೀವ್ರ ಅಪಾಯದಲ್ಲಿದೆ ಎಂದು ಸೇರಿತು. ಅದರ ಮುಂದಿನ ಮೆಟ್ಟಿಲು ಹೊಳೆಯಿಂದಲೇ ಕಣ್ಮರೆ. ಅತ್ತ ಖುದ್ರಿ ಎಂಡೇಂಜರ್ಡ್ (ಅಪಾಯದಲ್ಲಿರುವ) ಸಾಲಿನಿಂದ ಇಳಿದು ಲೀಸ್ಟ್ ಕನ್ಸರ್ನ್, ಅಂದರೆ ಸದ್ಯಕ್ಕೆ ಚಿಂತೆ ಇಲ್ಲದ ಸಾಲಿಗೆ ಸೇರಿದೆ. ಪರೀಕ್ಷೆಯಲ್ಲಿ ಬರೀ ಮಹಶೀರ್ ಎಂದು ಬರೆದರೆ ಈ ಎರಡರಲ್ಲಿ ಯಾವುದು ಎಂದೇ ತಿಳಿಯುವುದಿಲ್ಲ. ಪೂರ್ತಿ ಹೆಸರು ಬರೆಯಿರಿ.

ಗಾಳಿಬೋರೆಯ ಲೆಕ್ಕ 2012ಕ್ಕೆ ನಿಂತಿದೆ. ವನ್ಯಧಾಮದೊಳಗೆ ಗಾಳ ಹಾಕುವುದು ನಿಂತಿತು, ಅದರ ಜೊತೆ ಬರೆಯುವುದೂ ನಿಂತಿತು. ಈಗ ಈ ಮೀನಿನ ದೊಡ್ಡ ಆಸರೆ ಮೋಯಾರ್, ಬಂಡೀಪುರ ಮತ್ತು ಮುದುಮಲೈ ಅಂಚಿನಲ್ಲಿ ಹರಿಯುವ ಹೊಳೆ. ನೀಲಗಿರಿಯ ಜಲವಿದ್ಯುತ್ ಯೋಜನೆಗಳು ನೀರು ಬಿಟ್ಟಾಗ ಅಲ್ಲಿ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಮುಂದಿನ ವಾರ ನಾನು ಓದಬೇಕಿರುವುದು ಅದನ್ನೇ: ನೀರು ಹೀಗೆ ಏರಿಳಿದರೆ ಮೊಟ್ಟೆ, ಮರಿಗಳಿಗೆ ಏನಾಗುತ್ತದೆ ಎಂದು.